ಕಂಟ್ರಾಕ್ಟರ್ ಇಲ್ಲದೆ ನಾವೇ ನಿಂತು ಮನೆ ಕಟ್ಟಿಸುದು: ಕಾಸರಗೋಡು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಈ ಸುತ್ತಿನಲ್ಲಿ ಮನೆ ಕಟ್ಟಲಿಕ್ಕೆ ಹೊರಟವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಒಂದೇ ಕಡೆ ಹಾಕಿದ್ದೇನೆ. ಕರ್ನಾಟಕದ ಪುಸ್ತಕ, ವಿಡಿಯೋ ನೋಡಿ ಬಂದವರಿಗೆ ಇಲ್ಲಿಯ ಕಾನೂನು ಬೇರೆ, ಮಳೆ ಬೇರೆ, ಕಲ್ಲು ಬೇರೆ. ಹಾಗಾಗಿ ಇಲ್ಲಿಗೆ ಬೇಕಾದ್ದನ್ನು ಮಾತ್ರ ಬರ್ದಿದ್ದೇನೆ.

ಕಂಟ್ರಾಕ್ಟರಿಗೆ ಕೊಡದೆ ನಾವೇ ಮಾಡಿಸಿದ್ರೆ ಎಷ್ಟು ಉಳೀತದೆ?

ಎಲ್ಲರೂ ಮೊದಲು ಕೇಳುದು ಇದನ್ನೇ. ಕಂಟ್ರಾಕ್ಟರ್ ತನ್ನ ಲಾಭ, ತನ್ನ ಓಡಾಟ, ತನ್ನ ರಿಸ್ಕ್ ಎಲ್ಲ ಸೇರಿಸಿ ಸ್ಕ್ವಾರ್ ಫೀಟ್ ರೇಟ್ ಹೇಳ್ತಾರೆ, ಆ ಲಾಭದ ಪಾಲು ನಿಮ್ಮ ಕೈಯಲ್ಲಿ ಉಳಿಯಬಹುದು, ಆದ್ರೆ ಅದು ತನ್ನಷ್ಟಕ್ಕೆ ಉಳಿಯುದಿಲ್ಲ, ಅವರು ಮಾಡ್ತಿದ್ದ ಕೆಲಸ ನೀವು ಮಾಡಿದ್ರೆ ಮಾತ್ರ ಉಳೀತದೆ. ಕಲ್ಲಿನ ಲೋಡ್ ಬರುವಾಗ ಅಲ್ಲಿ ಇರ್ಬೇಕು, ಸಿಮೆಂಟ್ ಮುಗಿಯುವ ಮೊದಲು ಆರ್ಡರ್ ಕೊಡ್ಬೇಕು, ಮೇಸ್ತ್ರಿಗೆ ಕೆಲಸ ಇಲ್ಲದೆ ಒಂದು ದಿನ ಕೂತುಕೊಳ್ಳುವ ಹಾಗೆ ಆಗ್ಬಾರ್ದು. ಕೇರಳದಲ್ಲಿ ಕೂಲಿ ದೇಶದಲ್ಲೇ ಹೆಚ್ಚು. ರಿಸರ್ವ್ ಬ್ಯಾಂಕಿನ 2022-23ರ ಲೆಕ್ಕದಲ್ಲೇ ಹಳ್ಳಿ ಕಡೆಯ ಕಟ್ಟಡ ಕಾರ್ಮಿಕರ ಸರಾಸರಿ ದಿನಕೂಲಿ ಇಲ್ಲಿ 850 ರೂಪಾಯಿ ದಾಟಿತ್ತು, ದೇಶದ ಸರಾಸರಿ 400ರ ಒಳಗೆ ಇತ್ತು. ಈಗ ಮೇಸ್ತ್ರಿಗೆ ಅದಕ್ಕಿಂತ ತುಂಬ ಮೇಲೆಯೇ ಉಂಟು. ಹಾಗಿರುವಾಗ ನಾಲ್ಕು ಜನ ಮರಳು ಬರ್ಲಿಲ್ಲ ಅಂತ ಅರ್ಧ ದಿನ ಕೂತ್ರೆ ನೀವು ಸಿಮೆಂಟಲ್ಲಿ ಚೀಲಕ್ಕೆ ಹತ್ತು ರೂಪಾಯಿ ಚೌಕಾಶಿ ಮಾಡಿ ಉಳಿಸಿದ್ದೆಲ್ಲ ಹೋಯ್ತು.

ನನ್ನ ಅಭಿಪ್ರಾಯ ಕೇಳಿದ್ರೆ, ಹಣ ಉಳಿಸ್ಲಿಕ್ಕೆ ಮಾತ್ರ ಇದಕ್ಕೆ ಇಳಿಯಬೇಡಿ. ಗೋಡೆಯ ಒಳಗೆ, ಸ್ಲ್ಯಾಬಿನ ಒಳಗೆ ಎಂತ ಹೋಗಿದೆ ಅಂತ ಗೊತ್ತಿರುವ ಮನೆ ಬೇಕು ಅಂತ ಇದ್ರೆ ಇಳೀರಿ.

ಯಾರು ಇದಕ್ಕೆ ಕೈ ಹಾಕ್ಬಾರ್ದು?

ಗಲ್ಫಲ್ಲಿ ಅಥವಾ ಬೆಂಗಳೂರಲ್ಲಿ ಇದ್ದುಕೊಂಡು ವಾಟ್ಸಾಪಲ್ಲಿ ಫೋಟೋ ನೋಡಿ ಮನೆ ಕಟ್ಟಿಸ್ತೇನೆ ಅನ್ನುವವರು. ಊರಲ್ಲಿ ಅಪ್ಪನೋ ಭಾವನೋ ದಿನಾ ನಿಲ್ಲಲಿಕ್ಕೆ ಇದ್ದಾರೆ, ಅವರಿಗೆ ಹಣ ಕೊಡುವ ಅಧಿಕಾರವೂ ಬೇಡ ಅನ್ನುವ ಅಧಿಕಾರವೂ ಉಂಟು ಅಂತಾದ್ರೆ ಆಗಬಹುದು. ಬರೀ ನೋಡ್ಲಿಕ್ಕೆ ಒಬ್ರು ಇದ್ರೆ ಆಗುದಿಲ್ಲ. ಮತ್ತೆ ಜಗಳ ಅಂದ್ರೆ ಆಗದವರು, ಇದು ಸರಿ ಇಲ್ಲ ತೆಗೀರಿ ಅಂತ ಹೇಳ್ಲಿಕ್ಕೆ ನಾಲಗೆ ಬಾರದವರು ಒಳ್ಳೆ ಕಂಟ್ರಾಕ್ಟರನ್ನು ಹುಡುಕುದೇ ವಾಸಿ.

ಇಂಜಿನಿಯರಿಗೂ ಕೊಡ್ಬೇಕಾ? ಮೇಸ್ತ್ರಿಗೆ ಎಲ್ಲ ಗೊತ್ತುಂಟಲ್ಲ?

ಕೊಡ್ಲೇಬೇಕು. ಕಂಟ್ರಾಕ್ಟರ್ ಇಲ್ಲ ಅಂದ್ರೆ ಇಂಜಿನಿಯರ್ ಇನ್ನೂ ಹೆಚ್ಚು ಬೇಕು. ಪರ್ಮಿಟಿಗೆ ಸಹಿ ಹಾಕ್ಲಿಕ್ಕೆ ರಿಜಿಸ್ಟರ್ಡ್ ಇಂಜಿನಿಯರ್ ಅಥವಾ ಸೂಪರ್‌ವೈಸರ್ ಹೇಗೂ ಬೇಕು, ಆದ್ರೆ ಆ ಸಹಿಯಲ್ಲಿ ನಿಲ್ಲಿಸಬೇಡಿ. ಪಂಚಾಯತಿಗೆ ಕೊಡುವ ಪ್ಲಾನಲ್ಲಿ ಬೀಮಿನ ಒಳಗೆ ಎಷ್ಟು ಕಬ್ಬಿಣ ಅಂತ ಇರುದಿಲ್ಲ. ಸ್ಟ್ರಕ್ಚರಲ್ ಡ್ರಾಯಿಂಗ್ ಬೇರೆ ಮಾಡಿಸಿ, ಪಾಯ, ಸ್ಲ್ಯಾಬ್ ಈ ಎರಡು ಹಂತದಲ್ಲಾದ್ರೂ ಅವರೇ ಸೈಟಿಗೆ ಬಂದು ನೋಡ್ಬೇಕು ಅಂತ ಮೊದಲೇ ಮಾತಾಡಿ. ನಮ್ಮ ಮೇಸ್ತ್ರಿಗಳು ಕೆಂಪು ಕಲ್ಲಿನ ಗೋಡೆ ಕಟ್ಟುದ್ರಲ್ಲಿ ಎಂಥ ಕಾಲೇಜಿನ ಇಂಜಿನಿಯರಿಗಿಂತಲೂ ನಿಪುಣರು, ಅದನ್ನು ನಾನು ಒಪ್ತೇನೆ, ಆದ್ರೆ ಇಪ್ಪತ್ತು ಅಡಿ ಅಗಲದ ಹಾಲಿಗೆ ನಡುವೆ ಕಂಬ ಇಲ್ಲದೆ ಬೀಮ್ ಕೊಡುದು ಅಂದಾಜಿನಲ್ಲಿ ಆಗುವ ಕೆಲಸ ಅಲ್ಲ.

ಜಾಗ ಉಂಟು. ಸೀದ ಕೆಲಸ ಸುರು ಮಾಡಬಹುದಾ?

ಮೊದಲು ವಿಲೇಜ್ ಆಫೀಸಲ್ಲಿ ನಿಮ್ಮ ಜಾಗ ದಾಖಲೆಯಲ್ಲಿ ಎಂತ ಅಂತ ನೋಡಿ. ಕೇರಳದ ದಾಖಲೆಯಲ್ಲಿ ಪುರಯಿಡಂ, ಅಂದ್ರೆ ಗದ್ದೆ ಅಲ್ಲದ ಜಾಗ, ಅಂತ ಇದ್ರೆ ಸಮಸ್ಯೆ ಇಲ್ಲ. ನಿಲಂ ಅಂತ ಇದ್ರೆ ಅದು ಗದ್ದೆ, ಅಲ್ಲಿ ಈಗ ಅಡಿಕೆಯೋ ತೆಂಗೋ ಇದ್ದರೂ ಲೆಕ್ಕಕ್ಕೆ ಬರುದಿಲ್ಲ. 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾನೂನು ಉಂಟಲ್ಲ, ಅದರ ಪ್ರಕಾರ ಗದ್ದೆ, ಜೌಗು ಜಾಗಗಳ ಸರಕಾರಿ ಪಟ್ಟಿಯಾದ ಡೇಟಾ ಬ್ಯಾಂಕಲ್ಲಿ ಸೇರಿದ ಜಾಗ ಆದ್ರೆ ಮೊದಲು ಅದರಿಂದ ತೆಗೆಸ್ಲಿಕ್ಕೆ ಫಾರಂ 5, ಡೇಟಾ ಬ್ಯಾಂಕಲ್ಲಿ ಇಲ್ಲದ್ದು ಆದ್ರೆ ಜಾಗದ ತರ ಬದಲಾಯಿಸ್ಲಿಕ್ಕೆ ಫಾರಂ 6, ಹೀಗೆ ಅರ್ಜಿ ಹೋಗ್ಬೇಕು. ಇದಕ್ಕೆ ಸಮಯ ಹಿಡೀತದೆ. ಜಾಗ ತೆಗೊಳ್ಳುವ ಮೊದಲೇ ಇದನ್ನು ನೋಡಿ, ಅಡ್ವಾನ್ಸ್ ಕೊಟ್ಟ ಮೇಲೆ ಅಲ್ಲ.

ಸಮುದ್ರದ ಹತ್ತಿರ ಅಥವಾ ಉಬ್ಬರದ ನೀರು ಹತ್ತುವ ಹೊಳೆ ಬದಿ, ಶಿರಿಯ, ಮೊಗ್ರಾಲ್, ಉಪ್ಪಳ ಕಡೆ ಆದ್ರೆ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ಗೆರೆ ಎಲ್ಲಿ ಬರ್ತದೆ ಅಂತ ಕೇಳ್ಬೇಕು. ಹೈವೇ, ಜಿಲ್ಲಾ ರಸ್ತೆ ಬದಿಯ ಜಾಗ ಆದ್ರೆ ರಸ್ತೆ ಗಡಿಯಿಂದ 3 ಮೀಟರ್ ಒಳಗೆ ಕಟ್ಟಡ ಬರ್ಬಾರ್ದು. ಗುಡ್ಡ ಕಡಿದು ಸಮ ಮಾಡ್ಲಿಕ್ಕೆ ಇದ್ರೆ ಮಣ್ಣು ಹೊರಗೆ ಸಾಗಿಸ್ಲಿಕ್ಕೆ ಬೇರೆಯೇ ಪರ್ಮಿಟ್ ಬೇಕು, ಅದಿಲ್ಲದೆ ಟಿಪ್ಪರ್ ರಸ್ತೆಗೆ ಇಳಿದ್ರೆ ಹಿಡೀತಾರೆ. ಗುಡ್ಡವನ್ನು ನೇರ ಗೋಡೆ ಹಾಗೆ ಕಡಿದು ಅದರ ಬುಡದಲ್ಲೇ ಮನೆ ಇಡುವ ಪ್ಲಾನ್ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಆಷಾಢದ ಮಳೆಗೆ ಆ ಮಣ್ಣು ನಿಲ್ಲುದಿಲ್ಲ.

ಪರ್ಮಿಟ್ ಕಷ್ಟವಾ?

ಹಿಂದಿನಷ್ಟು ಇಲ್ಲ. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮ ಈಗ ನಡೀತಾ ಇರುದು. ಅರ್ಜಿ ಎಲ್ಲ ಆನ್‌ಲೈನ್, ಕೆ-ಸ್ಮಾರ್ಟ್ ಅನ್ನುವ ಸರಕಾರದ ವೆಬ್‌ಸೈಟ್ ಮೂಲಕ. 300 ಚದರ ಮೀಟರ್ ಒಳಗಿನ, ಎರಡು ಅಂತಸ್ತು ಮೀರದ ವಾಸದ ಮನೆ ಆದ್ರೆ ಲೋ ರಿಸ್ಕ್ ಲೆಕ್ಕದಲ್ಲಿ ಬರ್ತದೆ, ಎಲ್ಲ ನಿಯಮ ಪ್ರಕಾರ ಉಂಟು ಅಂತ ನೀವೂ ಇಂಜಿನಿಯರೂ ಸ್ವಯಂ ದೃಢೀಕರಣ ಕೊಟ್ರೆ ಬೇಗ ಸಿಗ್ತದೆ. ಆದ್ರೆ ಇದರಲ್ಲಿ ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ. ಅಲ್ಲಿ ಬರ್ದದ್ದು ಸುಳ್ಳಾದ್ರೆ ಹೊಣೆ ನಿಮ್ಮದು, ಕಟ್ಟಿ ಆದ ಮೇಲೆ ಅಳೆದಾಗ ಬದಿಯ ಅಂತರ ಕಮ್ಮಿ ಬಂದ್ರೆ ಮನೆ ನಂಬರ್ ಸಿಗುದಿಲ್ಲ. ಪರ್ಮಿಟ್ 5 ವರ್ಷಕ್ಕೆ ಉಂಟು, ಮತ್ತೆ ರಿನ್ಯೂ ಮಾಡಿಸಬಹುದು.

ಆಧಾರ ಪತ್ರ (ಜಾಗದ ಕ್ರಯಪತ್ರ), ಈ ವರ್ಷದ ತೆರಿಗೆ ರಶೀದಿ, ಪೊಸೆಷನ್ ಸರ್ಟಿಫಿಕೇಟ್ ಇಷ್ಟನ್ನು ಮೊದಲೇ ತಯಾರು ಇಟ್ಕೊಳ್ಳಿ. ಆಧಾರ ಪತ್ರದಲ್ಲಿ ಹೆಸರು ಒಂದು ರೀತಿ, ರೇಷನ್ ಕಾರ್ಡಲ್ಲಿ ಇನ್ನೊಂದು ರೀತಿ ಇರುದು ನಮ್ಮ ಕನ್ನಡದವರಿಗೆ ತುಂಬ ಉಂಟು, ಮಲೆಯಾಳದಲ್ಲಿ ಬರೆಯುವಾಗ ಮನೆತನದ ಹೆಸರೇ ಬದಲಾಗಿರ್ತದೆ. ಅದನ್ನು ಸರಿ ಮಾಡಿಸಿಯೇ ಮುಂದೆ ಹೋಗಿ.

ಮಲೆಯಾಳ ಓದ್ಲಿಕ್ಕೆ ಬರುದಿಲ್ಲ. ಎಂತ ಮಾಡುದು?

ಭಾಷಾ ಅಲ್ಪಸಂಖ್ಯಾತರು ಅಂತ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಕಾಸರಗೋಡಿನ ಕನ್ನಡಿಗರಿಗೆ ಉಂಟು, ಕೊಡಿ. ಆದ್ರೆ ಕೈಗೆ ಬರುವ ನೋಟೀಸ್, ಷರತ್ತು ಮಲೆಯಾಳದಲ್ಲಿ ಇದ್ರೆ ಅದನ್ನು ಓದಿಸಿ ಪೂರ್ತಿ ಅರ್ಥ ಮಾಡ್ಕೊಳ್ಳದೆ ಸಹಿ ಹಾಕಬೇಡಿ. ಲೇಬರ್ ಅಗ್ರಿಮೆಂಟ್ ಮಾತ್ರ ಕನ್ನಡದಲ್ಲೇ ಬರೆಯಿರಿ, ಮೇಸ್ತ್ರಿಗೆ ಓದ್ಲಿಕ್ಕೆ ಬಾರದಿದ್ರೆ ತುಳುವಿನಲ್ಲೋ ಮಲೆಯಾಳದಲ್ಲೋ ಬಾಯಲ್ಲಿ ಹೇಳಿ.

ಆಯ, ವಾಸ್ತು ಯಾವಾಗ ನೋಡಿಸುದು?

ಪರ್ಮಿಟಿಗೆ ಹಾಕುವ ಮೊದಲು. ನಂಬಿಕೆ ಇರುವವರು ಪ್ಲಾನಿನ ಮೊದಲ ಸ್ಕೆಚ್ ಆದ ಕೂಡ್ಲೇ ಆಯ, ಅಂದ್ರೆ ಶಾಸ್ತ್ರ ಪ್ರಕಾರದ ಅಳತೆಯ ಲೆಕ್ಕ, ನೋಡಿಸಿ ಅಳತೆ ಫೈನಲ್ ಮಾಡಿ, ಆಮೇಲೆ ಇಂಜಿನಿಯರ್ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡ್ಲಿ. ಕೆಸರುಕಲ್ಲು ಹಾಕಿದ ಮೇಲೆ ಯಾರೋ ನೆಂಟರು ಬಂದು ಬಾಗಿಲು ಎರಡು ಅಡಿ ಆಚೆ ಬರ್ಬೇಕಿತ್ತು ಅಂದ್ರೆ ಅದಕ್ಕೆ ಕಿವಿ ಕೊಡಬೇಡಿ. ಗೋಡೆ ಎದ್ದ ಮೇಲೆ ಮಾಡುವ ಒಂದೊಂದು ಬದಲಾವಣೆಗೂ ಕಲ್ಲು, ಕೂಲಿ, ದಿನ ಮೂರೂ ಹೋಗ್ತದೆ.

ಕೆಲಸ ಯಾವ ತಿಂಗಳಲ್ಲಿ ಸುರು ಮಾಡುದು ಒಳ್ಳೇದು?

ನಮ್ಮ ಕಡೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳ್ತದೆ, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದಲ್ಲಿ ಕಾಗದ ಪತ್ರ, ಪ್ಲಾನ್, ಪರ್ಮಿಟ್ ಎಲ್ಲ ಮುಗಿಸಿ, ದೀಪಾವಳಿ ಕಳೆದು ತುಲಾ ಮಾಸದ ಗುಡುಗು ಮಳೆ ಸ್ವಲ್ಪ ಕಮ್ಮಿ ಆದ ಕೂಡ್ಲೇ ಪಾಯ ತೆಗೆದ್ರೆ, ಮಾರ್ಚ್ ಒಳಗೆ ಸ್ಲ್ಯಾಬ್ ಬೀಳ್ತದೆ. ಪತ್ತನಾಜೆಗೆ, ಅಂದ್ರೆ ಮೇ 24ರ ಹೊತ್ತಿಗೆ, ಮನೆಗೆ ಮಾಡು ಆಗಿರ್ಬೇಕು ಅಂತ ಒಂದು ಗುರಿ ಇಟ್ಕೊಳ್ಳಿ. ಸ್ಲ್ಯಾಬ್ ಆದ್ರೆ ಮಳೆಗಾಲದಲ್ಲಿ ಒಳಗಿನ ಸಾರಣೆ, ವಯರಿಂಗ್ ಪೈಪ್ ಕೆಲಸ ಆರಾಮಲ್ಲಿ ನಡೀತದೆ. ಸ್ಲ್ಯಾಬ್ ಆಗದೆ ಗೋಡೆ ಬೋಳು ನಿಂತ್ರೆ ನಾಲ್ಕು ತಿಂಗಳು ಕಲ್ಲು ನೀರು ಕುಡೀತಾ ಇರ್ತದೆ.

ಇನ್ನೊಂದು, ನೇಮ, ಜಾತ್ರೆ, ಕಳಿಯಾಟದ ಸೀಸನ್ ಕೂಡ ಇದೇ ತಿಂಗಳುಗಳಲ್ಲಿ. ಊರಿನ ಕೆಲಸದವರು ಆ ದಿನ ಬರುದಿಲ್ಲ, ಬರ್ಬೇಕು ಅಂತ ಒತ್ತಾಯ ಮಾಡುದೂ ಸರಿ ಅಲ್ಲ. ಮೊದಲೇ ಅವರ ಹತ್ರ ಕೇಳಿ ಕ್ಯಾಲೆಂಡರಲ್ಲಿ ಗುರುತು ಹಾಕಿ, ಸ್ಲ್ಯಾಬ್ ದಿನ ಅದಕ್ಕೆ ತಾಗದ ಹಾಗೆ ನೋಡ್ಕೊಳ್ಳಿ.

ದಿನಕೂಲಿಯಾ, ಸ್ಕ್ವಾರ್ ಫೀಟ್ ಲೆಕ್ಕದ ಲೇಬರ್ ಕಂಟ್ರಾಕ್ಟಾ?

ಎರಡೂ ಬೇಕಾಗ್ತದೆ. ಪಂಚಾಂಗ (ಪಾಯದ ಮೇಲೆ ನೆಲದ ಮಟ್ಟದವರೆಗಿನ ಕಟ್ಟೆ), ಗೋಡೆ, ಸ್ಲ್ಯಾಬ್, ಸಾರಣೆ ಇಂಥದ್ದನ್ನು ಅಳತೆ ಲೆಕ್ಕದಲ್ಲಿ ಕೊಡಿ, ಸಾಮಾನು ನಿಮ್ಮದು, ಕೂಲಿ ಅವರದ್ದು. ಅಡುಗೆಮನೆ ಕಟ್ಟೆ, ಮೆಟ್ಟಿಲ ಬದಿ, ಅಲ್ಲಿ ಇಲ್ಲಿ ಸರಿ ಮಾಡುವ ಸಣ್ಣ ಕೆಲಸಗಳು ದಿನಕೂಲಿಗೆ ಆಗ್ಲಿ. ಅವಸರ ಮಾಡಿದ್ರೆ ಕೆಡುವ ಕೆಲಸವನ್ನು ಅಳತೆ ಲೆಕ್ಕದಲ್ಲಿ ಕೊಡಬೇಡಿ, ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಅಂಥದ್ದು.

ಬರ್ದಿಡುವಾಗ ಎಂತೆಲ್ಲ ಬರೆಯುದು? ಸ್ಕ್ವಾರ್ ಫೀಟ್ ಅಂದ್ರೆ ಯಾವುದು, ಸಿಟೌಟ್ ಪೂರ್ತಿಯಾ ಅರ್ಧವಾ, ಸನ್‌ಶೇಡ್ ಸೇರ್ತದಾ, ಪ್ಯಾರಾಪೆಟ್ ಸೇರ್ತದಾ. ಸೆಂಟ್ರಿಂಗ್ ಶೀಟ್, ಅದಕ್ಕೆ ಕೆಳಗಿಂದ ಆಧಾರ ಕೊಡುವ ಜಾಕಿ, ವೈಬ್ರೇಟರ್, ಮಿಕ್ಸರ್ ಬಾಡಿಗೆ ಯಾರದ್ದು. ಕ್ಯೂರಿಂಗಿಗೆ, ಅಂದ್ರೆ ಸಿಮೆಂಟ್ ಕೆಲಸ ಒಣಗದ ಹಾಗೆ ಒದ್ದೆ ಇಡ್ಲಿಕ್ಕೆ, ನೀರು ಹಾಕುದು ಯಾರು, ಇದನ್ನು ಎಲ್ಲರೂ ಮರೀತಾರೆ, ಕೊನೆಗೆ ಯಾರೂ ಹಾಕುದಿಲ್ಲ. ಕೆಲಸದ ಹಂತಕ್ಕೆ ಎಷ್ಟು ಹಣ ಅಂತ ಬರೆಯಿರಿ, ಕಡೆಗೆ ಒಂದು ಪಾಲು, ನೂರಕ್ಕೆ ಐದೋ ಹತ್ತೋ, ಒಂದು ಮಳೆ ನೋಡಿ ಕೊಡುದು ಅಂತ ಸೇರಿಸಿ. ಒಳ್ಳೆ ಮೇಸ್ತ್ರಿ ಇದಕ್ಕೆ ಬೇಜಾರು ಮಾಡುದಿಲ್ಲ. ಕೊಟ್ಟ ಮಾತಿನ ಪ್ರಕಾರ ಶನಿವಾರ ಸಂಜೆ ಸಂಬಳ ಕೈಗೆ ಬಂದ್ರೆ ಅವರು ನಿಮ್ಮ ಸೈಟ್ ಬಿಟ್ಟು ಬೇರೆ ಕಡೆ ಹೋಗುದೂ ಇಲ್ಲ.

ಕೆಂಪು ಕಲ್ಲು ನೋಡಿ ತೆಗೊಳ್ಳುದು ಹೇಗೆ?

ಇದು ನಮ್ಮ ಜಿಲ್ಲೆಯ ಆಸ್ತಿ, ಸ್ವಲ್ಪ ಉದ್ದ ಬರೀತೇನೆ. ಕೆಂಪು ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಬಂದದ್ದೇ ಕೇರಳದ ಅಂಗಾಡಿಪುರದಲ್ಲಿ ಫ್ರಾನ್ಸಿಸ್ ಬುಕಾನನ್ ನೋಡಿದ ಕಲ್ಲಿನಿಂದ, 1807ರಲ್ಲಿ ಅವನ ಪುಸ್ತಕದಲ್ಲಿ ಅದು ಅಚ್ಚಾಯ್ತು. ನೆಲದ ಒಳಗೆ ಇರುವಾಗ ಇದು ಮೆತ್ತಗೆ, ಕಡಿದು ಗಾಳಿ ಬಿಸಿಲಿಗೆ ಇಟ್ಟ ಮೇಲೆ ಗಟ್ಟಿ ಆಗ್ತದೆ. ಅದಕ್ಕೇ ಇವತ್ತು ಕೋರೆಯಿಂದ ಬಂದ ಹಸಿ ಕಲ್ಲನ್ನು ನಾಳೆಯೇ ಗೋಡೆಗೆ ಇಡಬೇಡಿ. ಮೊದಲೇ ತರಿಸಿ, ಸೈಟಲ್ಲಿ ಗಾಳಿ ಆಡುವ ಹಾಗೆ ಅಟ್ಟಿ ಇಡಿ.

ಕೋರೆಗೆ ನೀವೇ ಹೋಗಿ. ಮೇಲಿನ ಪದರದ ಕಲ್ಲು ಸಾಧಾರಣ ಗಟ್ಟಿ, ಕೆಳಗೆ ಹೋದ ಹಾಗೆ ಬಿಳಿ ಹಳದಿ ಜೇಡಿ ಹೆಚ್ಚಾಗ್ತದೆ. ಕಲ್ಲಿನ ತೂತುಗಳಲ್ಲಿ ಬಿಳಿ ಜೇಡಿ ತುಂಬಿದ್ದು ಕಂಡ್ರೆ, ಉಗುರಲ್ಲಿ ಗೀರಿದಾಗ ಪುಡಿ ಉದುರಿದ್ರೆ ಆ ಲೋಡ್ ಬೇಡ. ಕರಣೆಯ ಹಿಡಿಯಿಂದ ಬಡಿದ್ರೆ ಒಳ್ಳೆ ಕಲ್ಲು ಟಣ್ ಅನ್ತದೆ, ಕೆಟ್ಟದ್ದು ದಬ್ ಅನ್ತದೆ. ಒಂದು ಕಲ್ಲನ್ನು ಬಾಲ್ದಿಯಲ್ಲಿ ರಾತ್ರಿ ಮುಳುಗಿಸಿ ಇಟ್ಟು ಬೆಳಿಗ್ಗೆ ಮೂಲೆ ಒತ್ತಿ ನೋಡಿ, ಮೂಲೆ ಕರಗಿ ಬಂದ್ರೆ ನಮ್ಮ ಮಳೆಗೆ ಅದು ಆಗುದಿಲ್ಲ.

ಲೋಡ್ ಬಂದಾಗ ಲಾರಿಯಲ್ಲೇ ಎಣಿಸಿ, ಇಳಿಸುವಾಗ ಮೂಲೆ ಒಡೆದದ್ದನ್ನು ಬೇರೆ ಇಡಿಸಿ. ಅಳತೆ ಕೂಡ ನೋಡಿ, ಮಿಷನಲ್ಲಿ ಕಡಿದ ಕಲ್ಲು ಒಂದೇ ಅಳತೆಗೆ ಇದ್ರೆ ನಡುವಿನ ಸಿಮೆಂಟ್ ಗಾರೆ ಕಮ್ಮಿ ಸಾಕು, ಸಾರಣೆಯೂ ತೆಳು ಸಾಕು. ಕಲ್ಲಿಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟದ್ದು ಅಲ್ಲೇ ವಾಪಸ್ ಬರ್ತದೆ. ಕಟ್ಟುವ ಮೊದಲು ಕಲ್ಲನ್ನು ಒದ್ದೆ ಮಾಡ್ಲೇಬೇಕು, ಒಣ ಕಲ್ಲು ಗಾರೆಯ ನೀರು ಹೀರಿಕೊಂಡು ಗಾರೆ ಪುಡಿಪುಡಿ ಆಗ್ತದೆ. ಹೊರಗೆ ಸಾರಣೆ ಇಲ್ಲದೆ ಕಲ್ಲು ಕಾಣುವ ಹಾಗೆ ಬಿಡ್ತೇನೆ ಅನ್ನುವವರು ಫಸ್ಟ್ ಕ್ವಾಲಿಟಿ ಕಲ್ಲು ಮಾತ್ರ ತೆಗೊಳ್ಳಿ, ಮಾಡನ್ನು ಗೋಡೆಯಿಂದ ಚೆನ್ನಾಗಿ ಹೊರಗೆ ತನ್ನಿ.

ಒರಲೆ ಮದ್ದು ಪಂಚಾಂಗಕ್ಕೆ ಮಣ್ಣು ತುಂಬಿ ನೆಲ ಹಾಕುವ ಮೊದಲೇ ಕೊಡಿಸಿ. ಆಮೇಲೆ ನೆಲ ತೂತು ಮಾಡಿ ಕೊಡುದಕ್ಕೆ ಖರ್ಚು ಹೆಚ್ಚು, ಫಲ ಕಮ್ಮಿ.

ಸಿಮೆಂಟ್, ಕಬ್ಬಿಣ ಒಟ್ಟಿಗೆ ತೆಗೆದಿಟ್ರೆ ಲಾಭವಾ?

ಕಬ್ಬಿಣ ಒಟ್ಟಿಗೆ ತೆಗೊಳ್ಳಬಹುದು, ಸಿಮೆಂಟ್ ಬೇಡ. ಚೀಲದ ಮೇಲೆ ತಯಾರಾದ ವಾರ ಇರ್ತದೆ, ಓದಿ. ಮೂರು ತಿಂಗಳು ದಾಟಿದ್ದನ್ನು ಸ್ಲ್ಯಾಬಿಗೆ ಹಾಕ್ಲೇಬೇಡಿ. ನಮ್ಮ ಮಳೆಗಾಲದ ತಂಡಿಗೆ ಅದಕ್ಕಿಂತ ಮೊದಲೇ ಗಂಟು ಕಟ್ತದೆ. ಹಲಗೆ ಮೇಲೆ, ಗೋಡೆಗೆ ತಾಗದ ಹಾಗೆ, ಹತ್ತು ಚೀಲಕ್ಕಿಂತ ಎತ್ತರ ಆಗದ ಹಾಗೆ ಇಡಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಹಳೇ ಎಸ್ಟಿಮೇಟ್ ಹಿಡ್ಕೊಂಡು ಕೂತವರು ರೇಟ್ ಪುನಃ ಕೇಳಿ.

ಕಬ್ಬಿಣವನ್ನು ತೂಕದಲ್ಲಿ ತೆಗೊಳ್ಳುದು, ರಾಡ್ ಲೆಕ್ಕದಲ್ಲಿ ಕೊಟ್ರೂ ತೂಕ ಮಾಡಿ ನೋಡಿ. ರಾಡಿನ ದಪ್ಪವನ್ನು ದಪ್ಪದಿಂದಲೇ ಗುಣಿಸಿ 162ರಿಂದ ಭಾಗಿಸಿದ್ರೆ ಒಂದು ಮೀಟರಿನ ತೂಕ ಸಿಗ್ತದೆ. 12 ಎಂಎಂ ಆದ್ರೆ 0.888 ಕೆಜಿ, ಹನ್ನೆರಡು ಮೀಟರಿನ ಒಂದು ರಾಡ್ ಹತ್ತೂ ಮುಕ್ಕಾಲು ಕೆಜಿಗೆ ಸ್ವಲ್ಪ ಕಮ್ಮಿ. 8 ಎಂಎಂ ಮೀಟರಿಗೆ 0.395. ಸ್ವಲ್ಪ ಹೆಚ್ಚು ಕಮ್ಮಿ ಇರುದು ಸಹಜ, ಸ್ಟ್ಯಾಂಡರ್ಡ್ ಪ್ರಕಾರ 12 ಎಂಎಂಗೆ ಐದು ಪರ್ಸೆಂಟ್ ವ್ಯತ್ಯಾಸ ಒಪ್ತಾರೆ, ತೂಕ ಅದಕ್ಕಿಂತಲೂ ಕೆಳಗೆ ಬಂದ್ರೆ ವಾಪಸ್ ಕಳಿಸಿ. ಸಮುದ್ರದ ಬದಿಯವರು ರಾಡನ್ನು ಬಯಲಲ್ಲಿ ಹಾಕಿ ತಿಂಗಳುಗಟ್ಟಲೆ ಬಿಡಬೇಡಿ, ಉಪ್ಪಿನ ಗಾಳಿಗೆ ತುಕ್ಕು ಬೇಗ ಹಿಡೀತದೆ.

ಹೊಳೆ ಮರಳೇ ಬೇಕಾ?

ಬೇಡ. ಹೊಳೆ ಮರಳಿಗೆ ಕೇರಳದಲ್ಲಿ 2001ರ ಕಾನೂನು ಉಂಟು, ಕದ್ದು ತಂದ ಲೋಡ್ ಸಿಕ್ಕಿಬಿದ್ರೆ ನಿಮ್ಮ ಕೆಲಸವೂ ನಿಲ್ತದೆ. ಕಾಂಕ್ರೀಟಿಗೆ ಕಲ್ಲು ಪುಡಿ ಮಾಡಿ ತಯಾರಿಸಿದ ಎಂ ಸ್ಯಾಂಡ್, ಸಾರಣೆಗೆ ಅದರಲ್ಲೇ ನಯವಾದ ಪಿ ಸ್ಯಾಂಡ್, ತೊಳೆದದ್ದು ಕೇಳಿ. ಕೈಯಲ್ಲಿ ಹಿಚುಕಿದಾಗ ಬಿಳಿ ಪುಡಿ ಅಂಗೈಗೆ ಮೆತ್ತಿಕೊಂಡ್ರೆ ಧೂಳು ಹೆಚ್ಚು ಅಂತ ಅರ್ಥ. ಉಪ್ಪು ನೀರಿನ ಮರಳು ಯಾರು ಎಷ್ಟು ಕಮ್ಮಿಗೆ ಕೊಡ್ತೇನೆ ಅಂದ್ರೂ ಬೇಡ, ಒಳಗಿನ ಕಬ್ಬಿಣ ತಿನ್ತದೆ.

ಸಾಮಾನು ಮಂಗಳೂರಿಂದ ತರಿಸಬಹುದಾ?

ಮಂಜೇಶ್ವರದವರಿಗೆ ಮಂಗಳೂರೇ ಹತ್ತಿರ, ಪೆರ್ಲ ಬದಿಯಡ್ಕದವರಿಗೆ ಪುತ್ತೂರು ವಿಟ್ಲ, ಮುಳ್ಳೇರಿಯ ಕಡೆಯವರಿಗೆ ಸುಳ್ಯ. ಟೈಲ್ಸ್, ಸ್ಯಾನಿಟರಿ, ಇಲೆಕ್ಟ್ರಿಕ್ ಸಾಮಾನಿಗೆ ಅಲ್ಲಿ ಆಯ್ಕೆ ಹೆಚ್ಚು. ಜಿಎಸ್‌ಟಿ ಎರಡೂ ಕಡೆ ಒಂದೇ, ಹಾಗಾಗಿ ತೆರಿಗೆಯಲ್ಲಿ ಲಾಭ ನಷ್ಟ ಇಲ್ಲ. ಬಿಲ್ 50,000 ರೂಪಾಯಿ ದಾಟಿದ್ರೆ ಇ-ವೇ ಬಿಲ್ ಬೇಕು, ಅಂಗಡಿಯವರ ಹತ್ರ ಮಾಡಿಸಿಕೊಂಡೇ ಗಾಡಿ ಬಿಡಿ. ಕಲ್ಲು, ಜಲ್ಲಿ, ಮರಳು ಮಾತ್ರ ಗಡಿ ದಾಟಿಸುವ ಉಸಾಬರಿಗೆ ಹೋಗಬೇಡಿ, ಪಾಸ್ ಇಲ್ಲದ ಲೋಡ್ ತಲಪಾಡಿಯಲ್ಲಿ ನಿಂತ್ರೆ ನಿಮ್ಮ ಮೇಸ್ತ್ರಿ ಇಲ್ಲಿ ಖಾಲಿ ಕೂತಿರ್ತಾರೆ. ಟೈಲ್ಸ್ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ತನ್ನಿ, ಒಂದೇ ಬ್ಯಾಚ್ ನಂಬರಿನದ್ದು. ಆಮೇಲೆ ನಾಲ್ಕು ಪೀಸ್ ಬೇಕು ಅಂತ ಹೋದ್ರೆ ಬಣ್ಣ ಹೊಂದುದಿಲ್ಲ.

ಲೋಡ್ ಇಳಿಸುದಕ್ಕೆ ಯೂನಿಯನ್‌ನವರು ಬಂದ್ರೆ?

ಮೊದಲೇ ಮಾತಾಡಿ ರೇಟ್ ತಿಳ್ಕೊಳ್ಳಿ, ಲಾರಿ ಬಂದು ನಿಂತ ಮೇಲೆ ಚರ್ಚೆ ಮಾಡಬೇಡಿ. ಅವರು ದುಡಿದು ಇಳಿಸಿದ್ದಕ್ಕೆ ಕೂಲಿ ಕೊಡುದು ನ್ಯಾಯ. ಕೆಲಸ ಮಾಡದೆ ನೋಡಿ ನಿಂತದ್ದಕ್ಕೆ ಕೇಳುವ ನೋಕ್ಕುಕೂಲಿಯನ್ನು 2018ರ ಮೇ 1ರಿಂದ ಕೇರಳ ಸರಕಾರವೇ ನಿಲ್ಲಿಸಿದೆ. ಯಾರಾದ್ರೂ ಕೇಳಿದ್ರೆ ಸಮಾಧಾನದಲ್ಲಿ ಇಲ್ಲ ಹೇಳಿ, ಬಿಡದಿದ್ರೆ ಲೇಬರ್ ಆಫೀಸಿಗೂ ಪೊಲೀಸಿಗೂ ತಿಳಿಸಿ.

ಸ್ಲ್ಯಾಬ್ ಹಾಕುವ ದಿನ ನಾನು ಎಂತ ನೋಡ್ಬೇಕು?

ಆ ದಿನ ಬೇರೆ ಯಾವ ಕೆಲಸವೂ ಇಟ್ಕೊಳ್ಳಬೇಡಿ. ನಿಜವಾಗಿ ನೋಡುದು ಅದರ ಹಿಂದಿನ ದಿನ. ಇಂಜಿನಿಯರನ್ನು ಕರೆಸಿ ಡ್ರಾಯಿಂಗ್ ಕೈಯಲ್ಲಿ ಹಿಡಿದು ರಾಡ್ ಒಂದೊಂದೇ ನೋಡಿ, ಎಷ್ಟು ಎಂಎಂ, ಎಷ್ಟು ಅಂತರ. ರಾಡನ್ನು ಶೀಟಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಕೆಳಗೆ ಉಂಟಾ? ಸ್ಲ್ಯಾಬಿಗೆ ಕಮ್ಮಿ ಅಂದ್ರೂ 20 ಎಂಎಂ ಬೇಕು, ಸಮುದ್ರದ ಹತ್ತಿರ ಆದ್ರೆ ಇನ್ನೂ ಹೆಚ್ಚು. ಜಲ್ಲಿ ಚೂರು ಇಟ್ಟು ರಾಡ್ ಎತ್ತಿದ್ರೆ ಒಪ್ಪಬೇಡಿ, ನಡೆದಾಡುವಾಗ ಅದು ಜಾರಿ ಹೋಗಿ ರಾಡ್ ಶೀಟಿಗೆ ಕೂತಿರ್ತದೆ, ಹತ್ತು ವರ್ಷ ಕಳೆದು ತಾರಸಿ ಕೆಳಗಿಂದ ಸಿಮೆಂಟ್ ಹಕ್ಕಳೆ ಎದ್ದು ತುಕ್ಕು ಹಿಡಿದ ಕಂಬಿ ಕಾಣುದು ಇದರಿಂದಲೇ. ಫ್ಯಾನ್ ಬಾಕ್ಸ್, ವಯರಿಂಗ್ ಪೈಪ್ ಎಲ್ಲ ಕೂತಿದೆಯಾ ಅಂತ ಇಲೆಕ್ಟ್ರಿಶಿಯನ್ ಹತ್ರ ಕೇಳಿ ಫೋಟೋ ತೆಗೀರಿ. ಆ ಫೋಟೋ ಮುಂದೆ ಡ್ರಿಲ್ ಮಾಡುವಾಗ ಬೇಕು. ಜಾಕಿಗಳ ಬುಡದಲ್ಲಿ ಹಲಗೆ ಉಂಟಾ ಅಂತಲೂ ನೋಡಿ, ಮೆತ್ತನೆ ಮಣ್ಣಲ್ಲಿ ಬರೀ ಜಾಕಿ ನಿಲ್ಲಿಸಿದ್ರೆ ಭಾರ ಬಿದ್ದಾಗ ಹೂತು ಸ್ಲ್ಯಾಬ್ ಬಗ್ತದೆ.

ಬೆಳಿಗ್ಗೆ ಕಾಂಕ್ರೀಟ್ ಸುರು ಆದ ಮೇಲೆ ನೀವು ಮಿಕ್ಸರ್ ಹತ್ರ ನಿಲ್ಲಿ, ಮೇಲೆ ಅಲ್ಲ. ಸ್ಲ್ಯಾಬಿಗೆ ಹಾಕುವ ಎಂ20 ಕಾಂಕ್ರೀಟ್ ಅಂದ್ರೆ ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿ. ಒಂದು ಚೀಲ ಸಿಮೆಂಟ್ ಸುಮಾರು 35 ಲೀಟರ್ ಜಾಗ ಹಿಡೀತದೆ, ಅದೇ ಅಳತೆಯ ಪೆಟ್ಟಿಗೆ ಮಾಡಿಸಿ ಮರಳು ಜಲ್ಲಿ ಅದರಲ್ಲೇ ಅಳೆಯಲಿಕ್ಕೆ ಹೇಳಿ, ಹಾರೆ ಲೆಕ್ಕ ಮಧ್ಯಾಹ್ನದ ಮೇಲೆ ತಪ್ಪಿಯೇ ತಪ್ತದೆ. ನೀರು ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ಹೋಗ್ಬಾರ್ದು, ಮರಳು ಒದ್ದೆ ಇದ್ರೆ ಅದಕ್ಕಿಂತಲೂ ಕಮ್ಮಿ. ಅಳತೆಯ ಬಾಲ್ದಿ ಬೇರೆ ಇಟ್ಟು, ಪೈಪಲ್ಲಿ ಸೀದ ನೀರು ಬಿಡುದನ್ನು ನಿಲ್ಲಿಸಿ. ಕೆಲಸದವರಿಗೆ ಎಳೆಯಲಿಕ್ಕೆ ಸುಲಭ ಆಗ್ಲಿ ಅಂತ ಒಂದು ಬಾಲ್ದಿ ಹೆಚ್ಚು ಹಾಕ್ತಾರೆ, ಅವರದ್ದು ಕೆಟ್ಟ ಉದ್ದೇಶ ಅಲ್ಲ, ಆ ಬಿಸಿಲಲ್ಲಿ ಗಟ್ಟಿ ಕಾಂಕ್ರೀಟ್ ಎಳೆಯುದು ಕಷ್ಟವೇ. ಅದಕ್ಕೆ ಇನ್ನಿಬ್ಬರು ಜನ ಹೆಚ್ಚು ಕರೀರಿ, ಮಜ್ಜಿಗೆ ನೀರು ಊಟ ಸರಿಯಾಗಿ ಕೊಡಿ, ನೀರು ಮಾತ್ರ ಹೆಚ್ಚು ಬೇಡ. ವೈಬ್ರೇಟರ್ ಎರಡು ಇರ್ಲಿ, ಒಂದು ಹಾಳಾದ್ರೆ ಮಧ್ಯದಲ್ಲಿ ಹುಡುಕ್ಲಿಕ್ಕೆ ಆಗುದಿಲ್ಲ.

ಮನೆಗೆ ಲಾರಿ ಬರುವಷ್ಟು ರಸ್ತೆ ಇದ್ರೆ ರೆಡಿಮಿಕ್ಸ್ ಒಳ್ಳೇದೇ, ಆದ್ರೆ ಆ ಗಾಡಿಯ ಭಾರಕ್ಕೆ ನಮ್ಮ ತೋಟದ ದಾರಿಯ ಮೋರಿ ತಡೆಯುತ್ತದಾ ಅಂತ ಮೊದಲು ನೋಡಿ.

ಜಾಕಿ ಯಾವಾಗ ತೆಗೆಯುದು, ನೀರು ಎಷ್ಟು ದಿನ?

ಸಾಮಾನ್ಯ ಸಿಮೆಂಟ್ ಆದ್ರೆ ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ, ಆರು ಮೀಟರ್ ಮೀರಿದ ಬೀಮಿಗೆ 21 ದಿನ ಅಂತ ಕಾಂಕ್ರೀಟಿನ ಸ್ಟ್ಯಾಂಡರ್ಡ್ ಐಎಸ್ 456ರಲ್ಲಿ ಉಂಟು. ನಮ್ಮಲ್ಲಿ ಹೆಚ್ಚಾಗಿ ಸಿಗುದು ಪಿಪಿಸಿ, ಅದು ನಿಧಾನ ಗಟ್ಟಿ ಆಗುವ ಸಿಮೆಂಟ್, ಹಾಗಾಗಿ ಅವಸರ ಬೇಡ, ಜಾಕಿ ಬಾಡಿಗೆ ಒಂದು ವಾರ ಹೆಚ್ಚಾದ್ರೂ ಪರವಾಗಿಲ್ಲ. ಸ್ಲ್ಯಾಬ್ ಮೇಲೆ ನೀರು ಎರಡು ವಾರ ನಿಂತಿರ್ಬೇಕು. ತಾರಸಿ ಮೇಲೆ ಗಾರೆಯ ಸಣ್ಣ ಕಟ್ಟ ಕಟ್ಟಿ ನೀರು ತುಂಬಿಸಿದ್ರೆ ದಿನಕ್ಕೆ ನಾಲ್ಕು ಸಲ ಪೈಪ್ ಹಿಡೀಬೇಕಾಗಿಲ್ಲ. ಕಂಬಕ್ಕೆ ಗೋಣಿ ಸುತ್ತಿ.

ಕಷ್ಟ ಎಲ್ಲಿ ಅಂದ್ರೆ ಮಾರ್ಚ್ ಏಪ್ರಿಲಲ್ಲಿ ನೀರೇ ಇರುದಿಲ್ಲ. ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಆ ಹೊತ್ತಿಗೆ ನೂಲಿನ ಹಾಗೆ ಬರ್ತಾ ಇರ್ತದೆ, ಮನೆಗೂ ತೋಟಕ್ಕೂ ಅದೇ ಬೇಕು. ಪಾಯ ತೆಗೆಯುವ ಮೊದಲೇ ನೀರಿನ ವ್ಯವಸ್ಥೆ ಮಾಡಿ, ಇಲ್ಲಾಂದ್ರೆ ಟ್ಯಾಂಕರ್ ನೀರಿನ ಖರ್ಚು ಬಜೆಟಲ್ಲಿ ಸೇರಿಸಿ. ಟ್ಯಾಂಕರಿನವರು ಎಲ್ಲಿಂದ ತರ್ತಾರೆ ಕೇಳಿ, ಉಪ್ಪು ಕಲಸಿದ ನೀರು ಕಾಂಕ್ರೀಟಿಗೆ ಆಗುದಿಲ್ಲ.

ಬಾತ್‌ರೂಮ್ ಲೀಕ್ ಆಗದ ಹಾಗೆ?

ಟೈಲ್ಸ್ ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಪೈಪ್ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ಕೆಳಗಿಂದ ನೋಡಿ. ಪೈಪಿಗೂ ಪ್ರೆಶರ್ ಟೆಸ್ಟ್ ಮಾಡಿಸಿಯೇ ಗೋಡೆ ಮುಚ್ಚಿ. ಇಷ್ಟೇ.

ಸೆಪ್ಟಿಕ್ ಟ್ಯಾಂಕ್ ಎಲ್ಲಿ?

ಬಾವಿಯಿಂದ 7.5 ಮೀಟರ್ ದೂರ ಇರ್ಲೇಬೇಕು, ಗಡಿಯಿಂದ 1.2 ಮೀಟರ್. ಪಕ್ಕದ ಮನೆಯವರ ಬಾವಿಯನ್ನೂ ಅಳೆಯಿರಿ. ನಮ್ಮ ಕೆಂಪು ಕಲ್ಲಿನ ನೆಲದಲ್ಲಿ ತೂತು ಹೆಚ್ಚು, ನೀರು ಬೇಗ ಇಳೀತದೆ, ಹಾಗಾಗಿ ಕಾನೂನಿನ ಅಳತೆಗಿಂತ ದೂರ ಇಟ್ಟಷ್ಟೂ ಒಳ್ಳೇದು, ಬಾವಿಗಿಂತ ಇಳಿಜಾರಲ್ಲಿ ಕೆಳಗೆ ಬರುವ ಹಾಗೆ.

ಕೈಯಲ್ಲಿ ಎಷ್ಟು ಹಣ ಇಟ್ಕೊಂಡು ಹೊರಡುದು? ಲೋನ್ ಸಿಗ್ತದಾ?

ಸ್ಲ್ಯಾಬ್ ಆಗುವಾಗ ಮನೆ ಮುಗಿದ ಹಾಗೆ ಕಾಣ್ತದೆ, ಆದ್ರೆ ಖರ್ಚಿನಲ್ಲಿ ಸುಮಾರು ಅರ್ಧ ಮಾತ್ರ ಆಗಿರ್ತದೆ. ದಾರಂದ, ಬಾಗಿಲು, ಟೈಲ್ಸ್, ವಯರಿಂಗ್, ಪೈಂಟ್ ಎಲ್ಲ ಇನ್ನು ಬರುದು. ಎಸ್ಟಿಮೇಟಿನ ಮೇಲೆ ನೂರಕ್ಕೆ ಹತ್ತು ಹದಿನೈದು ಬೇರೆಯೇ ಇಡಿ, ಅದನ್ನು ಕಡೆಯವರೆಗೆ ಮುಟ್ಟಬೇಡಿ. ಕಂಟ್ರಾಕ್ಟರ್ ಇಲ್ಲದಿದ್ರೂ ಬ್ಯಾಂಕ್ ಲೋನ್ ಕೊಡ್ತದೆ, ಇಂಜಿನಿಯರಿನ ಎಸ್ಟಿಮೇಟ್, ಹಂತ ಹಂತದ ಸರ್ಟಿಫಿಕೇಟ್ ಕೇಳ್ತಾರೆ. ಆದ್ರೆ ಹಂತ ಮುಗಿದ ಮೇಲೆ ಹಣ ಬರುದು, ಹಾಗಾಗಿ ಒಂದು ಹಂತಕ್ಕೆ ಬೇಕಾದಷ್ಟು ದುಡ್ಡು ಕೈಯಲ್ಲಿ ಇರ್ಬೇಕು. ಮನೆ ಇಲ್ಲದವರಿಗಿರುವ ಕೇರಳ ಸರಕಾರದ ಲೈಫ್ ಮಿಷನ್ ಯೋಜನೆಯ 4 ಲಕ್ಷ ರೂಪಾಯಿಯೂ ಹೀಗೆ ಕಂತಿನಲ್ಲೇ ಬರುದು. ಆ ಮನೆ ಕಟ್ಟುವವರಲ್ಲಿ ಬಹಳ ಜನ ತಾವೇ ನಿಂತು ಕೆಲಸ ಮಾಡಿಸುವವರು, ಅವರ ಹತ್ರ ಹೋಗಿ ಕೇಳಿದ್ರೆ ಕಲಿಯಲಿಕ್ಕೆ ತುಂಬ ಉಂಟು.

ಒಂದು ದಪ್ಪ ನೋಟ್ ಪುಸ್ತಕ ತೆಗೊಂಡು ದಿನಾ ಸಂಜೆ ಬರೆಯಿರಿ: ಯಾರು ಯಾರು ಬಂದಿದ್ರು, ಎಷ್ಟು ಚೀಲ ಹೋಯ್ತು, ಎಷ್ಟು ಉಳಿದಿದೆ, ಯಾರಿಗೆ ಎಷ್ಟು ಕೊಟ್ಟದ್ದು, ನಾಳೆಗೆ ಎಂತ ಬೇಕು. ಸಂಬಳ ಕೊಟ್ಟಾಗ ಅದರಲ್ಲೇ ಸಹಿ ತೆಗೊಳ್ಳಿ.

ಕೆಲಸದವರಿಗೆ ಪೆಟ್ಟಾದ್ರೆ ಹೊಣೆ ಯಾರು?

ಕಂಟ್ರಾಕ್ಟರ್ ಇಲ್ಲ ಅಂದ್ರೆ ಅವರನ್ನು ಕೆಲಸಕ್ಕೆ ಕರೆದದ್ದು ನೀವು. ಸೈಟಿನ ಕೆಲಸದವರಿಗೆ ವರ್ಕ್‌ಮೆನ್ ಕಾಂಪೆನ್ಸೇಶನ್ ಪಾಲಿಸಿ ಇನ್ಶೂರೆನ್ಸ್ ಕಂಪೆನಿಗಳಲ್ಲಿ ಸಿಗ್ತದೆ, ಮನೆಯ ಒಟ್ಟು ಖರ್ಚಿನ ಎದುರು ಅದು ದೊಡ್ಡ ಮೊತ್ತ ಅಲ್ಲ, ಪಾಯ ತೆಗೆಯುವ ಮೊದಲೇ ಮಾಡಿಸಿ. ಅಟ್ಟಳಿಗೆ ಸರಿ ಕಟ್ಟಿದ್ದಾರಾ ಅಂತ ನೀವೂ ಒಮ್ಮೆ ಹತ್ತಿ ನೋಡಿ. ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದ ಹುಡುಗರು ಹೆಲ್ಮೆಟ್ ಕೊಡಿ ಅಂತ ಕೇಳುದಿಲ್ಲ, ಕೇಳದಿದ್ರೂ ಕೊಡಿ. ಅವರ ಮನೆಯವರ ಫೋನ್ ನಂಬರ್ ನಿಮ್ಮ ಪುಸ್ತಕದಲ್ಲಿ ಬರ್ದಿಡಿ. ಒಟ್ಟು ಖರ್ಚು ಕಾನೂನಿನ ಮಿತಿ (2025ರ ನವೆಂಬರ್ ವರೆಗೆ ಅದು 10 ಲಕ್ಷ ಇತ್ತು) ಮೀರಿದ ಮನೆಗೆ ಕಟ್ಟಡ ಕಾರ್ಮಿಕರ ಕ್ಷೇಮನಿಧಿಗೆ ಸೆಸ್ ಕಟ್ಲಿಕ್ಕೆ ಉಂಟು. ಮನೆ ಆಗಿ ಸಮಯ ಕಳೆದು ನೋಟೀಸ್ ಬಂದಾಗ ಗಾಬರಿ ಆಗಬೇಡಿ, ಬಿಲ್ಲುಗಳನ್ನು ಇಟ್ಕೊಂಡಿದ್ರೆ ಖರ್ಚು ಇಷ್ಟು ಅಂತ ತೋರಿಸ್ಲಿಕ್ಕೆ ಆಗ್ತದೆ.

ಮೇಸ್ತ್ರಿ ಅರ್ಧಕ್ಕೆ ಬಿಟ್ಟು ಹೋದ್ರೆ?

ಅಲ್ಲಿಯವರೆಗಿನ ಕೆಲಸ ಇಬ್ರೂ ಒಟ್ಟಿಗೆ ನಿಂತು ಅಳೆದು ಲೆಕ್ಕ ಚುಕ್ತಾ ಮಾಡಿ, ಬಾಕಿ ಇಟ್ಟು ಕಳಿಸಬೇಡಿ. ಊರು ಸಣ್ಣದು, ಕೆಲಸದವರಿಗೆ ಕೆಲಸದವರು ಹೇಳಿಕೊಳ್ತಾರೆ, ಒಬ್ಬರಿಗೆ ಹಣ ನಿಲ್ಲಿಸಿದ್ರೆ ಇನ್ನೊಬ್ರು ಬರುದಿಲ್ಲ. ಹೊಸಬರು ಬಂದ ಮೊದಲ ದಿನ ಹಳಬರದ್ದು ಎಲ್ಲ ತಪ್ಪು, ಒಡೀಬೇಕು ಅನ್ತಾರೆ. ಅದನ್ನು ಇಂಜಿನಿಯರ್ ಹೇಳಿದ್ರೆ ಮಾತ್ರ ಒಡೀರಿ.

ಮನೆ ಆಯ್ತು. ಒಕ್ಕಲು ಆಗುವ ಮೊದಲು ಎಂತೆಲ್ಲ ಕಾಗದದ ಕೆಲಸ ಉಂಟು?

ಇಂಜಿನಿಯರ್ ಮೂಲಕ ಕೆಲಸ ಮುಗಿದ ಕಂಪ್ಲೀಶನ್ ಸರ್ಟಿಫಿಕೇಟ್ ಕೊಟ್ಟು ಪಂಚಾಯತಿಂದ ವಾಸಕ್ಕೆ ಒಪ್ಪಿಗೆಯ ಆಕ್ಯುಪೆನ್ಸಿ ಸರ್ಟಿಫಿಕೇಟ್, ಮನೆ ನಂಬರ್ ತೆಗೊಳ್ಳಿ. ಮಳೆನೀರು ಕೊಯ್ಲಿನ ವ್ಯವಸ್ಥೆ ನಿಮ್ಮ ಪರ್ಮಿಟಲ್ಲಿ ತೋರಿಸಿದ್ರೆ ಅದು ಜಾಗದಲ್ಲಿ ಇರ್ಬೇಕು. ವಯರಿಂಗ್ ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಿರ್ಬೇಕು, ಅವರ ಸರ್ಟಿಫಿಕೇಟ್ ಇಲ್ಲದೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಪರ್ಮನೆಂಟ್ ಕನೆಕ್ಷನ್ ಕೊಡುದಿಲ್ಲ, ಅರ್ತಿಂಗ್, ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡುವ ಆರ್‌ಸಿಸಿಬಿ ಎರಡೂ ಬೇಕು. ನಮ್ಮ ಕಡೆಯ ಮಿಂಚು ಸಿಡಿಲಿಗೆ ಅರ್ತಿಂಗ್ ಹೆಸರಿಗೆ ಮಾತ್ರ ಇದ್ರೆ ಸಾಲದು, ನೆಲ ಒಣಗಿದ ಬೇಸಿಗೆಯಲ್ಲೂ ಕೆಲಸ ಮಾಡ್ತದಾ ಅಂತ ಅಳೆಯಿಸಿ.

ವಿಲೇಜ್ ಆಫೀಸಿಗೆ ಹೋಗಿ ಒಂದು ಸಲ ಕಟ್ಟುವ ಕಟ್ಟಡ ತೆರಿಗೆಗೆ ರಿಟರ್ನ್ ಕೊಡಿ. 100 ಚದರ ಮೀಟರ್ ಒಳಗಿನ ಮನೆಗೆ ಆ ತೆರಿಗೆ ಇಲ್ಲ. 278.7 ಚದರ ಮೀಟರ್ ದಾಟಿದ ಮನೆಗೆ ವರ್ಷ ವರ್ಷ ಇನ್ನೊಂದು ತೆರಿಗೆ, ಜನ ಲಕ್ಸುರಿ ಟ್ಯಾಕ್ಸ್ ಅನ್ನುವಂಥದ್ದು, ಬರ್ತದೆ, ಮಾಳಿಗೆ ಮೇಲೆ ಇನ್ನೊಂದು ರೂಮ್ ಏರಿಸುವ ಆಲೋಚನೆ ಇರುವವರು ಈ ಅಳತೆಯನ್ನು ಪ್ಲಾನ್ ಮಾಡುವಾಗಲೇ ಇಂಜಿನಿಯರ್ ಹತ್ರ ಮಾತಾಡಿ.